ಒಂದು ಚಿಟಿಕೆ ಜಾಸ್ತಿ

"ಢಂ" ಎಂದ ಸದ್ದು ಜಲ್ಲಿಗುಂಡಿಯ ಮೂರು ಗೋಡೆಗಳಿಗೂ ಬಡಿದು ವಾಪಸು ಬರುವ ಮೊದಲೇ ನೆಡ್ರಾ ಅಂಗೈಯ ಬುಡದಿಂದ ರೈಫಲಿನ ಬೋಲ್ಟಿನ ಹಿಡಿಗೆ ಕೆಳಗಿನಿಂದ ರಪ್ಪನೆ ಒಂದು ಕೊಟ್ಟಳು. ಅದು ಏಳಲಿಲ್ಲ. ಹಟ ಹಿಡಿದ ಹಸುವಿನ ತೊಡೆಗೆ ಕೊಡುವಂತೆ ಇನ್ನೊಂದು ಕೊಟ್ಟಳು. ಹಿಡಿ ಮೇಲೆದ್ದಿತು. ಹಾರಿಸಿದ ತೋಟೆಯ ಖಾಲಿ ಹಿತ್ತಾಳೆ ಕೊಳವೆ ಚಂಗನೆ ಹಾರಿ, ಮೇಜಿನ ಮೇಲೆ ಕುಣಿದು, ಅವಳ ಗಂಡ ರೂಲನ್‌ನ ಕಾಫಿ ಲೋಟಕ್ಕೆ ಡಿಕ್ಕಿ ಹೊಡೆದು, ಕೆಳಗಿನ ಜಲ್ಲಿಯಲ್ಲಿ ಮಾಯವಾಯಿತು.

"ಎಷ್ಟು ಬಂತು?" ಎಂದಳು ಕಿವಿಗೆ ಹಾಕಿದ್ದನ್ನು ಕಿತ್ತು.

ಗುಂಡಿನ ವೇಗ ಅಳೆಯುವ ಡಬ್ಬಿಯ ಮೇಲೆ ಬಗ್ಗಿದ್ದ ರೂಲನ್ ಏಳಲೇ ಇಲ್ಲ. "ಬಿಸಿಲಿಗೆ ಸರಿಯಾಗಿ ಕಾಣ್ತಿಲ್ಲ."

"ಸರ್ಕೋ ಆಕಡೆ. ನಂಗೆ ಕಾಣತ್ತೆ." ನೆಡ್ರಾ ಅವನ ಟೋಪಿಯನ್ನು ಪಕ್ಕಕ್ಕೆ ತಳ್ಳಿ ಇಣುಕಿದಳು. "ಅಬ್ಬಬ್ಬಾ! ಸೆಕೆಂಡಿಗೆ ಮೂರು ಸಾವಿರ ಅಡಿ ದಾಟಿದೆ. ನಿನ್ನ ತೋಟೆದು ಎಷ್ಟಿತ್ತು?"

"ಅದೇ ಆಸುಪಾಸು."

"ಆಸುಪಾಸಂತೆ! ನಿನ್ನ ಗುಂಡು ಹೊರಟು ಎಲ್ಕ್ ಹತ್ರ ಹೋಗೋಷ್ಟರಲ್ಲಿ ಅದು ಮೊಮ್ಮಕ್ಕಳನ್ನ ಕಂಡಿರತ್ತೆ, ಮಾರಾಯ. ಸಪ್ಪೆ. ಉಪ್ಪಿಲ್ಲದ ಸೂಪು." ರೈಫಲನ್ನು ಚೀಲಕ್ಕೆ ಸೇರಿಸುತ್ತ ಅವಳು, ಪ್ರಾರ್ಥನೆಯ ಕೊನೆಯಲ್ಲಿ ಆಮೆನ್ ಅನ್ನುವಂತೆ, ಹೇಳಿದಳು: "ಡೆಲ್ಮರ್ ತೋಟೆ ಅಂದ್ರೆ ಡೆಲ್ಮರ್ ತೋಟೆ."

ಡೆಲ್ಮರ್ ನೆಡ್ರಾಳ ಮೊದಲ ಗಂಡ. ಅವನು ಸತ್ತು ಏಳು ವರ್ಷ. ಸತ್ತವರು ಸತ್ತವರ ಹಾಗೆ ಇರಬೇಕಲ್ಲ? ಇವನು ಇರಲಿಲ್ಲ. ಬಾಗಿಲ ಬಳಿಯ ಗೂಟದಲ್ಲಿ ಅವನ ಟೋಪಿ ಇನ್ನೂ ನೇತಾಡುತ್ತಿತ್ತು, ಬಕೆಟ್ಟಿನಷ್ಟು ದೊಡ್ಡದು. ರೂಲನ್‌ನ ಟೋಪಿಗೆ ಸಿಕ್ಕಿದ್ದು ಬಾಗಿಲಿನ ಹಿಡಿ. ಒಲೆಯ ಮೇಲಿನ ಫೋಟೋದಲ್ಲಿ ಅವನ ಮೀಸೆಯ ಒಂದು ತುದಿ ಚೌಕಟ್ಟಿನಿಂದ ಆಚೆ ಹೋಗಿತ್ತು, ಇನ್ನೊಂದು ತುದಿ ಪಕ್ಕದ ಜಿಲ್ಲೆಗೆ ಹೋಗಿದ್ದರೂ ಆಶ್ಚರ್ಯವಿಲ್ಲ. ವಿಂಡ್ ರಿವರ್ ಬೆಟ್ಟಗಳಿಗೆ ಬೇಟೆಗಾರರನ್ನು ಕರೆದೊಯ್ಯುವುದು ಅವನ ಕಸುಬು. ಅವನು ಕೆಮ್ಮಿದರೆ ಆ ದೈತ್ಯ ಜಿಂಕೆಗಳಾದ ಎಲ್ಕ್‌ಗಳು ಸಾಲಾಗಿ ಬಂದು ನಿಲ್ಲುತ್ತಿದ್ದವೆಂದು ಊರು ಹೇಳುತ್ತಿತ್ತು. ಮುದಿ ನಾಯಿ ಇವತ್ತಿಗೂ ಅವನ ಕುರ್ಚಿಯ ಕೆಳಗೇ ಮಲಗುತ್ತಿತ್ತು, ರೂಲನ್ ಆ ಕುರ್ಚಿಯಲ್ಲಿ ಕೂತರೆ ಎದ್ದು ಹೊರಗೆ ಹೋಗುತ್ತಿತ್ತು.

ಇದೆಲ್ಲವನ್ನೂ ರೂಲನ್ ನುಂಗಿಕೊಂಡಿದ್ದ. ಜಿಲ್ಲೆಯ ರಸ್ತೆಗಳ ಹಿಮ ತಳ್ಳುವ ಗಾಡಿ ಓಡಿಸಿ ನಿವೃತ್ತನಾದವನು. ಎಷ್ಟು ತಳ್ಳಿದರೂ ಮತ್ತೆ ಬಂದು ಬೀಳುವುದನ್ನು ಸಹಿಸುವ ಅಭ್ಯಾಸ ಇತ್ತು. ನುಂಗಲಾಗದ್ದು ಒಂದೇ, ಕಾಫಿಪುಡಿಯ ಒಂದು ತಗಡಿನ ಡಬ್ಬಿ. ಸಾಯುವ ಮುಂಚಿನ ಚಳಿಗಾಲದಲ್ಲಿ ಡೆಲ್ಮರ್ ಗ್ಯಾರೇಜಿನ ಮೇಜಿನ ಮುಂದೆ ಕೂತು, ಖಾಲಿ ಕೊಳವೆಗಳಿಗೆ ತಾನೇ ತಳದಲ್ಲಿ ಕಿಡಿ ಹೊತ್ತಿಸುವ ಕೇಪು ಕೂರಿಸಿ, ಮದ್ದು ಸುರಿದು, ಗುಂಡು ಒತ್ತಿ, ಹೆಂಡತಿಗೆಂದು ಡಬ್ಬಿ ತುಂಬ ತೋಟೆ ಮಾಡಿಟ್ಟು ಹೋಗಿದ್ದ. ಪ್ರತಿ ಅಕ್ಟೋಬರಿನಲ್ಲಿ ನೆಡ್ರಾ ಅದರಿಂದ ಒಂದು ಹಿಡಿ ತೆಗೆದುಕೊಂಡು ಬೆಟ್ಟ ಹತ್ತುವಳು, ಕುದುರೆಯಷ್ಟು ಎತ್ತರದ ಎಲ್ಕ್ ಒಂದನ್ನು ಕೆಡವುವಳು. ಆ ಮಾಂಸವೇ ಮುಂದಿನ ಬೇಸಿಗೆಯವರೆಗೆ ಮನೆಯ ಊಟ. ಹಾಗಾಗಿ ಮದುವೆಯಾಗಿ ಮೂರು ವರ್ಷದಿಂದ ರೂಲನ್ ಬಾಯಿಗಿಟ್ಟ ಪ್ರತಿ ತುತ್ತೂ ಆ ಮೀಸೆಯವನು ಬಡಿಸಿದ್ದು. ಅಗಿಯುವಾಗಲೆಲ್ಲ ಒಲೆಯ ಮೇಲಿನಿಂದ ಆ ಕಣ್ಣು, "ಸಾಕಾ, ಇನ್ನೊಂದು ತುಂಡು ಹಾಕ್ಲಾ?" ಅನ್ನುತ್ತಿತ್ತು.

ಈಗ ಡಬ್ಬಿಯ ತಳ ಕಾಣತೊಡಗಿತ್ತು. ಇನ್ನು ತನ್ನ ಸರದಿ ಎಂದು ರೂಲನ್ ಕಾದಿದ್ದ. ತೋಟೆ ಮಾಡುವುದು ಅವನಿಗೆ ಹೊಸದಲ್ಲ, ಹರೆಯದಿಂದಲೂ ಮಾಡಿದವನು. ಮದ್ದಿನ ಒಂದೊಂದು ಕಾಳನ್ನೂ ತೂಗಿ, ಮದ್ದಿನ ಅಳತೆಯ ಪುಸ್ತಕ ಹೇಳಿದ ಮಿತಿಯ ಗೆರೆಗಿಂತ ಕೆಳಗೇ ನಿಲ್ಲುವ ಜಾಗರೂಕ. ಅದನ್ನೇ ನೆಡ್ರಾ ಇವತ್ತು ಉಪ್ಪಿಲ್ಲದ ಸೂಪು ಎಂದಳು.

*

ಮಾರನೆಯ ದಿನದಿಂದ ರೂಲನ್ ಗ್ಯಾರೇಜು ಬಿಟ್ಟು ಕದಲಲಿಲ್ಲ. ನೆಡ್ರಾಳ ಅಕ್ಕ ಟ್ವಿಲಾ ತೋಟದಲ್ಲಿ ಮಿತಿಮೀರಿ ಬಿಟ್ಟ ಸೀಮೆಸೌತೆಯ ಬ್ರೆಡ್ಡು ಹಿಡಿದು ಬಂದಾಗ ಅವನು ಉಸಿರು ಬಿಗಿಹಿಡಿದು ತಕ್ಕಡಿಯ ಮುಂದೆ ಕೂತಿದ್ದ. ಟ್ವಿಲಾ ಇಬ್ಬರು ಗಂಡಂದಿರನ್ನು ಮಣ್ಣಿಗೆ ಕೊಟ್ಟವಳು. ಇಬ್ಬರೂ ಅವಳ ಬಾಯಿಂದ ತಪ್ಪಿಸಿಕೊಳ್ಳಲೆಂದೇ ಹೋದರು ಎಂಬ ಮಾತು ಊರಲ್ಲಿತ್ತು. ಅದನ್ನು ಹಬ್ಬಿಸಿದವಳೂ ಅವಳೇ.

"ಏನೋ ರೂಲನ್, ಇರುವೆ ಮದ್ವೆಗೆ ಅಡಿಗೆ ಮಾಡ್ತಿದೀಯಾ? ಇಷ್ಟಿಷ್ಟೇ ಹಾಕ್ತಿದೀಯ!"

"ಮೆಲ್ಲಗೆ ಮಾತಾಡು ಟ್ವಿಲಾ. ನಿನ್ನ ಉಸಿರಿಗೆ ತಕ್ಕಡಿ ಅಲ್ಲಾಡತ್ತೆ."

"ನನ್ನ ಉಸಿರಿಗೆ ಕೊಟ್ಟಿಗೆ ಚಾವಣಿನೇ ಅಲ್ಲಾಡತ್ತೆ, ಇನ್ನು ಇದ್ಯಾವ ಲೆಕ್ಕ." ಮೇಜಿನ ತುದಿಗೆ ಸೊಂಟ ಊರಿ ಬ್ರೆಡ್ಡನ್ನು ತಾನೇ ಮುರಿದು ತಿನ್ನತೊಡಗಿದಳು. "ಡೆಲ್ಮರ್ ತಕ್ಕಡಿ ಇಟ್ಕೋತಾನೇ ಇರ್ಲಿಲ್ಲ ಗೊತ್ತಾ? ಒಂದು ಪುಟ್ಟ ಚಮಚ ಇತ್ತು ಅವಂದು. ತುಂಬ ತುಂಬ್ಸಿ, ಮೇಲೊಂದು ಚಿಟಿಕೆ. ಕಾಫಿಗೆ ಸಕ್ಕರೆನೂ ಹಾಗೇ, ಪ್ಯಾನ್‌ಕೇಕಿಗೆ ಬೆಣ್ಣೆನೂ ಹಾಗೇ. ಎಲ್ಲಾದಕ್ಕೂ ಒಂದು ಚಿಟಿಕೆ ಜಾಸ್ತಿ."

"ಅವ್ನ ಕೈ ದೊಡ್ಡದು, ಚಿಟಿಕೆನೂ ದೊಡ್ಡದೇ ಇರ್ಬೇಕು."

"ಅಯ್ಯೋ, ಹೊಟ್ಟೆ ಉರಿಯೋ ವಾಸ್ನೆ ಬರ್ತಿದೆ. ಬ್ರೆಡ್ ಸೀದಿಲ್ಲ ತಾನೇ?" ಟ್ವಿಲಾ ಮೂಗಿನ ಮುಂದೆ ಕೈ ಬೀಸಿದಳು. "ಅಲ್ಲ ಕಣೋ, ಬದುಕಿರೋ ಗಂಡಸಿನ ಜೊತೆ ಜಗಳ ಆಡಿದ್ರೆ ಗೆಲ್ಲಬೋದು, ಕನಿಷ್ಠ ಅವನ ಹೊಟ್ಟೆ ಬರೋದನ್ನಾದ್ರೂ ಕಾಯಬೋದು. ಸತ್ತೋನಿಗೆ ಹೊಟ್ಟೆನೂ ಬರಲ್ಲ, ಕೂದ್ಲೂ ಉದುರಲ್ಲ. ನೀನು ಹೆಂಗೆ ಗೆಲ್ತೀಯ?"

ಅವಳು ಹೋದ ಮೇಲೆ ರೂಲನ್ ಮದ್ದಿನ ಪುಸ್ತಕವನ್ನು ತೆರೆದು, ಕಟ್ಟಕಡೆಯ ಗೆರೆಯನ್ನು ನೋಡಿ, ಮುಚ್ಚಿಟ್ಟ. ಜೀವಮಾನದಲ್ಲಿ ಮೊದಲ ಸಲ ಆ ಗೆರೆಯ ಆಚೆಗೆ ಒಂದು ಚಿಟಿಕೆ ಸುರಿದ. ಆಮೇಲೆ ಅದರ ಆಚೆಗೂ.

*

ನೆಡ್ರಾ ಚರ್ಚಿನ ಹೆಂಗಸರೊಂದಿಗೆ ಪೀಚ್ ಹಣ್ಣು ಡಬ್ಬಿಗೆ ತುಂಬಲು ಹೋದ ಮಧ್ಯಾಹ್ನ ರೂಲನ್ ಅವಳ ರೈಫಲನ್ನು ಪಿಕಪ್ಪಿನಲ್ಲಿಟ್ಟುಕೊಂಡು ಒಬ್ಬನೇ ಜಲ್ಲಿಗುಂಡಿಗೆ ಬಂದ. ಸೆಪ್ಟೆಂಬರ್ ಕೊನೆಯ ಬಿಸಿಲು ಹಲ್ಲಿಯನ್ನೂ ಹುರಿದು ಬಿಡುವಂತಿತ್ತು.

ಮೊದಲು ತನ್ನ ಹಳೆಯ ಸಪ್ಪೆ ತೋಟೆಯನ್ನೇ ಹಾರಿಸಿದ. ಬೋಲ್ಟಿನ ಹಿಡಿಗೆ ಕೈ ಹಾಕಿದರೆ ಅದು ಕಾದಿದ್ದವಳಂತೆ ಎದ್ದು ಬಂತು. ರೂಲನ್‌ಗೆ ಆಶ್ಚರ್ಯವಾಯಿತು. ಆ ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದ ಮಾತೆಂದರೆ ನೆಡ್ರಾಳ ರೈಫಲಿನ ಬೋಲ್ಟು ಹುಟ್ಟಾ ಬಿಗಿ, ಅದಕ್ಕೆ ಏಟು ಕೊಟ್ಟೇ ತೆಗೆಯಬೇಕು ಎಂದು. ಡೆಲ್ಮರ್ ಹಾಗೆಂದು ಹೇಳಿಕೊಟ್ಟಿದ್ದ, ನೆಡ್ರಾ ಹಾಗೇ ಕಲಿತಿದ್ದಳು. ರೂಲನ್‌ನ ತೋಟೆ ಹಾರಿಸಿದಾಗಲೂ ಅವಳು ಮುಟ್ಟಿ ನೋಡುವ ಮೊದಲೇ ರಪ್ಪೆಂದು ಕೊಡುತ್ತಿದ್ದುದರಿಂದ ಈ ಬೋಲ್ಟು ಸುಮ್ಮನೆ ಏಳಬಲ್ಲದೆಂದು ಯಾರೂ ಕಂಡಿರಲಿಲ್ಲ. ಖಾಲಿ ಕೊಳವೆಗಳನ್ನು ಅವಳು ಆಗಲೇ ಬಳಿದು ತನ್ನ ಚೀಲಕ್ಕೆ ಹಾಕಿಕೊಳ್ಳುತ್ತಿದ್ದಳು. ರೂಲನ್ ಅವಳು ಗುಂಡು ಹಾರಿಸುವಾಗಲೆಲ್ಲ ನೋಡುತ್ತಿದ್ದುದು ವೇಗದ ಡಬ್ಬಿಯನ್ನು ಮಾತ್ರ.

ಮದ್ದು ಹೆಚ್ಚಿದ ತೋಟೆಗಳನ್ನು ಒಂದೊಂದಾಗಿ ಹಾಕಿದ. ವೇಗ ಏರಿತು. ರೂಲನ್‌ನ ಎದೆಯೂ ಏರಿತು. ಕೊಳವೆಗಳ ತಳ ನೋಡಿಕೊಳ್ಳಬೇಕಿತ್ತು, ನೋಡಲಿಲ್ಲ. ಮದ್ದು ಉರಿದಾಗ ಒಳಗೆ ಹುಟ್ಟುವ ಒತ್ತಡವನ್ನು ಕಣ್ಣಿಂದ ಕಂಡವರಿಲ್ಲ; ಅದು ಹಿತ್ತಾಳೆಯ ಮೇಲೆ ಬಿಟ್ಟುಹೋದ ಗುರುತುಗಳನ್ನೇ ಓದಬೇಕು. ಇದನ್ನು ಬೇರೆಯವರಿಗೆ ಸಾವಿರ ಸಲ ಹೇಳಿಕೊಟ್ಟವನು ಈಗ ಜೂಜಿನ ಕೋಣೆಯಲ್ಲಿ ಕೂತವನಂತೆ ಅಂಕಿಗಳನ್ನೇ ನೋಡುತ್ತಿದ್ದ. ಡೆಲ್ಮರನ ಅಂಕಿಗೆ ಇನ್ನು ಕೂದಲೆಳೆ ಬಾಕಿ. ಕೊನೆಯದನ್ನು ಹಾರಿಸಿದ. ಭುಜಕ್ಕೆ ಕುದುರೆ ಒದ್ದಂತಾಯಿತು. ಅಂಕಿ ಬಂತು. ಡೆಲ್ಮರನ ಅಂಕಿಯೇ!

"ತಗೋ ಮೀಸೆ!" ಎಂದು ಕೂಗಿ ಬೋಲ್ಟಿಗೆ ಕೈ ಹಾಕಿದ. ಏಳಲಿಲ್ಲ. ಎರಡು ಕೈ ಹಾಕಿದ. ಏಳಲಿಲ್ಲ. ತಾನು ಏನು ಮಾಡುತ್ತಿದ್ದೇನೆಂದು ಯೋಚಿಸದೆ ಅಂಗೈಯ ಬುಡದಿಂದ ರಪ್ಪನೆ ಒಂದು ಕೊಟ್ಟ.

ಕೈ ಹಾಗೇ ನಿಂತಿತು.

ಅಂಗೈ ಉರಿಯುತ್ತಿತ್ತು. ಇದೇ ಏಟು, ಇದೇ ಸದ್ದು. ಇನ್ನೊಂದು ಏಟಿಗೆ ಹೊರಬಂದ ಕೊಳವೆಯನ್ನು ಎತ್ತಿ ತಿರುಗಿಸಿದ. ತಳದ ನಡುವಿನ ಕೇಪು, ಅಂಚು ದುಂಡಗಿರಬೇಕಾದದ್ದು, ಇಸ್ತ್ರಿ ಹಾಕಿದಂತೆ ಚಪ್ಪಟೆಯಾಗಿತ್ತು. ಪಕ್ಕದಲ್ಲಿ, ಒತ್ತಡ ತಾಳದೆ ಹಿತ್ತಾಳೆ ಬೋಲ್ಟಿನ ತೂತಿಗೆ ನುಗ್ಗಿದ ಕಡೆ, ಒಂದು ಹೊಳೆಯುವ ಗುಂಡು ಗುರುತು. ರೂಲನ್ ಮೊಣಕಾಲೂರಿ ಜಲ್ಲಿಯಲ್ಲಿ ಹುಡುಕಿದ. ಅವತ್ತು ಕಾಫಿ ಲೋಟಕ್ಕೆ ಬಡಿದು ಬಿದ್ದಿದ್ದ ಡೆಲ್ಮರನ ಕೊಳವೆ ಸಿಕ್ಕಿತು. ಅದೇ ಚಪ್ಪಟೆ ಕೇಪು. ಅದೇ ಹೊಳೆಯುವ ಗುರುತು, ಇನ್ನೂ ಆಳವಾಗಿ. ಮಾತ್ರವಲ್ಲ, ಎಷ್ಟೋ ಸಲ ಹಾರಿಸಿ ಮತ್ತೆ ಮತ್ತೆ ತುಂಬಿದ್ದರಿಂದ ಕೊಳವೆಯ ಬುಡದ ಮೇಲೆ ಸಣ್ಣ ಬೆಳ್ಳಗಿನ ಗೆರೆ ಎದ್ದಿತ್ತು. ಹರಿದು ಎರಡಾಗಲು ಸಿದ್ಧವಾದ ಹಿತ್ತಾಳೆ ಹೀಗೇ ಕಾಣುವುದು.

ಬೋಲ್ಟು ಬಿಗಿಯಲ್ಲ. ತೋಟೆ ಬಿಸಿ, ಮದ್ದು ಮಿತಿಮೀರಿದ್ದು. ಒಂದು ಚಿಟಿಕೆ ಜಾಸ್ತಿ.

ರೂಲನ್ ನಕ್ಕ. ಜಲ್ಲಿಗುಂಡಿಯೇ ನಕ್ಕಂತೆ ಪ್ರತಿಧ್ವನಿ ಎದ್ದಿತು. ಎದ್ದು ನಿಂತು ಆ ವಯಸ್ಸಿನಲ್ಲಿ, ಆ ಮಂಡಿಗಳಲ್ಲಿ, ಎರಡು ಸುತ್ತು ಕುಣಿದ. ಡೆಲ್ಮರ್ ತಪ್ಪು ಮಾಡಿದ್ದ! ಬೆಟ್ಟಗಳ ರಾಜ, ಎಲ್ಕ್‌ಗಳ ಮಾವ, ಚಮಚದಲ್ಲಿ ಮದ್ದು ಸುರಿದ ಪೆದ್ದ! ಕುಣಿಯುತ್ತ ಕುಣಿಯುತ್ತ ಕಣ್ಣು ಮೇಜಿನ ಮೇಲಿನ ರೈಫಲಿಗೆ ಬಿತ್ತು. ಬೋಲ್ಟಿನ ಹಿಂದಿನ ಮರದ ಭಾಗ ಸವೆದು ನುಣುಪಾಗಿತ್ತು. ಅಷ್ಟು ವರ್ಷ ನೆಡ್ರಾಳ ಕೆನ್ನೆ ಒರಗಿದ ಜಾಗ ಅದು. ಆ ಕೆನ್ನೆಗೂ ಈ ಹಿತ್ತಾಳೆಗೂ ನಡುವೆ ಒಂದು ಗೇಣೂ ಇರಲಿಲ್ಲ.

ಅವನು ಜಲ್ಲಿಯ ಮೇಲೆ ಕೂತುಬಿಟ್ಟ.

*

ಹೇಳಬೇಕಾದ್ದನ್ನು ದಾರಿಯುದ್ದಕ್ಕೂ ಗಟ್ಟಿ ಮಾಡಿಕೊಂಡು ಬಂದಿದ್ದ. ಆದರೂ ಕೆಡಿಸಿದ. ನೆಡ್ರಾ ಊಟಕ್ಕೆ ಎಲ್ಕ್ ಮಾಂಸ, ಕಾಳು ಹಾಕಿದ ಗಟ್ಟಿ ಖಾರದ ಚಿಲ್ಲಿ ಸಾರು ಬಡಿಸಿ, ಪಕ್ಕದಲ್ಲಿ ದಾಲ್ಚಿನ್ನಿ ಸುರುಳಿ ಬನ್ನು ಇಟ್ಟಿದ್ದಳು. ಟ್ವಿಲಾ ಇದ್ದಳು. ರೂಲನ್ ಎರಡು ಕೊಳವೆಗಳನ್ನೂ ತಟ್ಟೆಯ ಪಕ್ಕ ಇಟ್ಟು, ಕೇಪು, ಗುರುತು, ಗೆರೆ, ಎಲ್ಲವನ್ನೂ ವಿವರಿಸಿದ. ನೆಡ್ರಾ ಚಮಚ ಕೆಳಗಿಟ್ಟು ಪೂರ್ತಿ ಕೇಳಿದಳು.

"ಮುಗೀತಾ?"

"ಆ ಡಬ್ಬಿಲಿರೋದನ್ನ ಇನ್ನೊಂದೂ ಹಾರಿಸಬೇಡ ನೆಡ್ರಾ. ಇಷ್ಟು ದಿನ ಬೆಟ್ಟದ ಚಳೀಲಿ ಒತ್ತಡ ಕಮ್ಮಿ ಇದ್ದಿದ್ದಕ್ಕೆ ಬಚಾವಾಗಿದೀಯ. ಬೋಲ್ಟ್ ಸಂದಿಂದ ಬಿಸಿಗಾಳಿ ಹಿಂದಕ್ಕೆ ನುಗ್ಗಿದ್ರೆ ನಿನ್ನ ಕಣ್ಣು, ಮುಖ..."

"ನಿನ್ನ ದನಿ ನೀನೇ ಕೇಳಿಸ್ಕೊಂಡ್ಯಾ?"

"ಏನಾಗಿದೆ ದನಿಗೆ?"

"ಲಾಟರಿ ಹೊಡ್ದೋನ ದನಿ. ಹೆಂಡ್ತಿ ಮುಖ ಸುಟ್ಟೋಗತ್ತೆ ಅಂತ ಹೇಳೋವಾಗ ಯಾರಾದ್ರೂ ನಗ್ತಾರೇನೋ?"

"ನಾನೆಲ್ಲಿ ನಗ್ತಿದೀನಿ?"

"ನಗ್ತಿದೀಯ," ಎಂದಳು ಟ್ವಿಲಾ ಬನ್ನಿನ ಸುರುಳಿ ಬಿಚ್ಚುತ್ತ. "ಕಿವಿಯಿಂದ ಕಿವಿಗೆ. ಹಿಂದಿನ ಹಲ್ಲಿನ ತೂತೂ ಕಾಣ್ತಿದೆ."

ರೂಲನ್ ಬಾಯಿ ಮುಟ್ಟಿ ನೋಡಿಕೊಂಡ. ನಿಜ. ತುಟಿಗಳು ಅವನ ಮಾತು ಕೇಳದೆ ಹಿಗ್ಗಿಹೋಗಿದ್ದವು. ಗಂಭೀರವಾಗಲು ಯತ್ನಿಸಿದ, ಅದು ಇನ್ನೂ ಕೆಟ್ಟದಾಗಿ ಕಂಡಿತು.

"ಮದ್ವೆ ಆದಾಗಿಂದ ನೋಡ್ತಿದೀನಿ," ನೆಡ್ರಾ ಎದ್ದಳು. "ಅವನ ಟೋಪಿ ಧೂಳು ಅಂತೀಯ. ಕುರ್ಚಿ ಮುರಿಯತ್ತೆ ಅಂತೀಯ. ಫೋಟೋಗೆ ಹೊಗೆ ಹಿಡಿಯತ್ತೆ, ಒಳಕೋಣೆಗೆ ಹಾಕೋಣ ಅಂತೀಯ. ಈಗ ತೋಟೆಗೆ ಬಂದ್ಯಾ? ಆ ಚಳಿಗಾಲ ಅವನಿಗೆ ಎದೆನೋವು ಶುರುವಾಗಿತ್ತು. ಮೆಟ್ಟಿಲು ಹತ್ತೋಕಾಗ್ತಿರ್ಲಿಲ್ಲ, ಬೆರಳು ನಡುಗ್ತಿತ್ತು. ಆದ್ರೂ ನಂಗೆ ಅಂತ ಕೂತು ಮಾಡಿದ್ದು. ಅದು ನನ್ನ ಮುಖ ಸುಡತ್ತಾ?"

"ನಡುಗೋ ಬೆರಳಲ್ಲಿ ಚಮಚ ಹಿಡಿದ್ರೆ..."

"ಬಾಯ್ಮುಚ್ಚು ರೂಲನ್." ಅವಳ ಕಣ್ಣು ತುಂಬಿತ್ತು. "ಶನಿವಾರ ನಾನು ಅದನ್ನೇ ತಗೊಂಡ್ಹೋಗೋದು. ಬರೋದಿದ್ರೆ ಬಾ. ಇಲ್ಲಾಂದ್ರೆ ಮನೇಲಿ ಕೂತು ಇನ್ನೇನು ತಪ್ಪಿದೆ ಅಂತ ಹುಡುಕ್ತಾ ಇರು."

ನಾಯಿಯೂ ಎದ್ದು ಅವಳ ಹಿಂದೆ ಹೋಯಿತು. ಟ್ವಿಲಾ ತಟ್ಟೆ ಎತ್ತಿಕೊಂಡಳು, ಹೋಗುವಾಗ ಅವನ ತಲೆಯ ಮೇಲೆ ಮೆಲ್ಲಗೆ ಮೊಟಕಿದಳು. "ನಿಜ ಹೇಳಿದ್ಯೋ ಸುಳ್ಳು ಹೇಳಿದ್ಯೋ ನಂಗೆ ಗೊತ್ತಿಲ್ಲಪ್ಪ. ಆದ್ರೆ ನಿನ್ನ ಮುಖ ಇಟ್ಕೊಂಡು ಹೇಳಿದ್ರೆ ಬೆಂಕಿ ಬಿಸಿ ಅಂದ್ರೂ ಯಾರೂ ನಂಬಲ್ಲ."

*

ಡಬ್ಬಿ ಬಚ್ಚಿಡಬಹುದಿತ್ತು. ನೆಡ್ರಾ ಮನೆಯ ನೆಲವನ್ನೇ ಅಗೆದು ಹುಡುಕುವಳು, ಸಿಗದಿದ್ದರೆ ಅವನ ಹಾಸಿಗೆಯನ್ನು ಗ್ಯಾರೇಜಿಗೆ ಸಾಗಿಸುವಳು. ಊರಿನ ಬಂದೂಕು ರಿಪೇರಿಯವನಿಂದ ಹೇಳಿಸಬಹುದಿತ್ತು. ಅವನು ಡೆಲ್ಮರನ ಶವಪೆಟ್ಟಿಗೆಗೆ ಹೆಗಲು ಕೊಟ್ಟು ಗೋಳಾಡಿದವನು. ರೂಲನ್ ಯೋಚಿಸಿ ಯೋಚಿಸಿ ಕೊನೆಗೆ ಒಂದು ದಾರಿ ಕಂಡ. ಇನ್ನೊಂದು ದಾರಿ ಕಾಣಲೆಂದು ಎರಡು ದಿನ ಕಾದ. ಕಾಣಲಿಲ್ಲ.

ಶುಕ್ರವಾರ ಅಕ್ಕತಂಗಿಯರು ಕೂದಲು ಕತ್ತರಿಸಿಕೊಳ್ಳಲು ರಿವರ್ಟನ್ ಪೇಟೆಗೆ ಹೋದರು. ಪಿಕಪ್ಪಿನ ಧೂಳು ಇಳಿಯುವ ಮುಂಚೆ ಡಬ್ಬಿ ಗ್ಯಾರೇಜಿನ ಮೇಜಿನ ಮೇಲಿತ್ತು.

ಗುಂಡು ಕೀಳುವ ಟೊಳ್ಳು ತಲೆಯ ಸುತ್ತಿಗೆಯೊಳಗೆ ಡೆಲ್ಮರನ ತೋಟೆಯನ್ನು ಸಿಕ್ಕಿಸಿ ಮರದ ದಿಮ್ಮಿಗೆ ಬಡಿದ. ಪ್ರತಿ ಏಟಿಗೂ ಸುಖವಾಗಬೇಕಿತ್ತು, ಆಗಲಿಲ್ಲ. ಗುಂಡು ಕಳಚಿತು, ಬೂದು ಬಣ್ಣದ ಮದ್ದು ಸುರಿಯಿತು. ತೂಗಿದ. ಒಂದರಲ್ಲಿ ಗೆರೆಗಿಂತ ಸ್ವಲ್ಪ ಹೆಚ್ಚು, ಇನ್ನೊಂದರಲ್ಲಿ ಬಹಳ ಹೆಚ್ಚು, ಮತ್ತೊಂದರಲ್ಲಿ ಕೊಳವೆಯ ಕತ್ತಿನವರೆಗೂ ಗಿಡಿದಿತ್ತು. ಚಮಚ ನಡುಗಿದ್ದು ಕಾಣುತ್ತಿತ್ತು. ಮದ್ದು ಮಾತ್ರ ಬದಲಿಸಿದರೆ ಸಾಲದು, ಕೊಳವೆಗಳೂ ಸೋತುಹೋಗಿದ್ದವು. ರೂಲನ್ ಅದೇ ಕಂಪನಿಯ, ಒಮ್ಮೆ ಮಾತ್ರ ಹಾರಿಸಿದ ತನ್ನ ಕೊಳವೆಗಳನ್ನು ತೆಗೆದ, ಹೊಸ ಕೇಪು ಕೂರಿಸಿದ, ತನ್ನ ಸಪ್ಪೆ ಅಳತೆಯ ಮದ್ದನ್ನು ಕಾಳು ಕಾಳು ತೂಗಿ ಸುರಿದ, ಮೇಲೆ ಡೆಲ್ಮರನ ಗುಂಡನ್ನೇ ಒತ್ತಿದ. ಅಂಥ ತೋಟೆಗಳನ್ನು ಅವನು ಜನ್ಮದಲ್ಲಿ ಮಾಡಿರಲಿಲ್ಲ. ದೇವತೆಗಳು ಬೇಟೆಗೆ ಹೋಗುವುದಿದ್ದರೆ ಬಂದು ಸಾಲ ಕೇಳಬೇಕು, ಹಾಗಿದ್ದವು.

ಹೆಸರು ಮಾತ್ರ ಬೇರೆಯವನದು. ನಾಳೆ ಎಲ್ಕ್ ಬಿದ್ದರೆ ಬೀಳಿಸಿದವನು ಡೆಲ್ಮರ್. ಒಂದು ಮೊಳೆ ತೆಗೆದುಕೊಂಡು ಒಂದು ಕೊಳವೆಯ ತಳದಲ್ಲಿ ತನ್ನ ಹೆಸರಿನ ಮೊದಲಕ್ಷರ ಗೀಚಲು ಹೋದ, ಯಾರ ಕಣ್ಣಿಗೂ ಬೀಳದಷ್ಟು ಸಣ್ಣಗೆ. ಮೊಳೆ ಹಿತ್ತಾಳೆಗೆ ತಾಗಿತು. ತೆಗೆದಿಟ್ಟ.

ಉಳಿದಿದ್ದು ಬಣ್ಣ. ಹಿಮ, ಮಳೆಯ ತೇವ ಒಳಗಿಳಿಯದಂತೆ ಕೇಪಿನ ಸುತ್ತ ಹೆಂಡತಿಯ ಉಗುರುಬಣ್ಣ ಸವರುವುದು ಆ ಸೀಮೆಯ ಗಂಡಸರ ರೂಢಿ. ಡೆಲ್ಮರನೂ ಸವರಿದ್ದ, ಪ್ರತಿಯೊಂದಕ್ಕೂ ಕೆಂಪು ಉಂಗುರ. ರೂಲನ್ ಮಲಗುವ ಕೋಣೆಗೆ ಹೋಗಿ ನೆಡ್ರಾಳ ಕನ್ನಡಿಯ ಮುಂದಿನ ಸೀಸೆ ತಂದ. ಕೆಂಪಿತ್ತು. ಒಂದೊಂದಕ್ಕೂ ನಾಲಿಗೆ ಕಚ್ಚಿಕೊಂಡು ಉಂಗುರ ಬರೆದ.

ಗಂಡಸರ ಕಣ್ಣಿಗೆ ಕೆಂಪೆಲ್ಲ ಒಂದೇ ಕೆಂಪು. ಡೆಲ್ಮರನ ಕಾಲದಲ್ಲಿ ನೆಡ್ರಾ ಹಚ್ಚುತ್ತಿದ್ದುದು ಕಳಿತ ಚೆರ್ರಿಯ ಕಪ್ಪು ಕೆಂಪು. ಆ ಸೀಸೆ ಒಣಗಿ, ಎಸೆದು, ಯಾವ ಕಾಲವಾಯಿತೋ. ಅವನು ಹೋದ ಮೇಲೆ ಅವಳ ಉಗುರು ವರ್ಷಗಟ್ಟಲೆ ಬರಿದಾಗಿತ್ತು. ಈಗ ಕನ್ನಡಿಯ ಮುಂದಿದ್ದುದು ಟ್ರೌಟ್ ಮೀನಿನ ಹೊಟ್ಟೆ ಸೀಳಿದಾಗ ಕಾಣುವ ಕಿತ್ತಳೆಗೆಂಪು, ರೂಲನ್‌ನನ್ನು ಮದುವೆಯಾದ ಬೇಸಿಗೆಯಲ್ಲಿ ಅವಳು ಕೊಂಡುತಂದ ಬಣ್ಣ. ಅವೆರಡರ ನಡುವಿನ ವ್ಯತ್ಯಾಸವನ್ನು ಕುರುಡಿಯೂ ಬೆರಳಲ್ಲಿ ಮುಟ್ಟಿ ಹೇಳುವಳು. ರೂಲನ್ ತೋಟೆಗಳನ್ನು ಡಬ್ಬಿಗೆ ಜೋಡಿಸಿ, ದೂರ ನಿಂತು ನೋಡಿ, ಯಾರಪ್ಪನಿಗೂ ಗೊತ್ತಾಗದು ಎಂದುಕೊಂಡ. ಹಳೆಯ ಕೊಳವೆಗಳನ್ನು ಚಪ್ಪಟೆ ಬಡಿದು ಕಸಕ್ಕೆ ಹಾಕಿದ. ಡೆಲ್ಮರನ ಮದ್ದನ್ನು ಕೋಳಿಗೂಡಿನ ಆಚೆಗಿನ ಹುಲ್ಲಿಗೆ ಎರಚಿದ. ಸಪ್ಪೆ ಮದ್ದಿನ ಗುಂಡು ಎಷ್ಟು ಕೆಳಗೆ ಬೀಳುವುದೆಂದು ಅವನಿಗೆ ಗೊತ್ತಿತ್ತು. ರೈಫಲಿನ ದುರ್ಬೀನಿನ ತಿರುಪನ್ನು ಅಷ್ಟು ತಿರುವಿಟ್ಟ.

*

ಶನಿವಾರ ಬೆಳಗಿನ ಕಾಫಿಯ ನಂತರ ನೆಡ್ರಾ ಡಬ್ಬಿಯ ಮುಚ್ಚಳ ತೆಗೆದಳು. ರೂಲನ್ ಬೂಟಿನ ದಾರ ಕಟ್ಟುತ್ತ ಬಗ್ಗಿದ್ದ. ತಲೆಯೆತ್ತಿ ನೋಡಿದರೆ ಅವಳು ಒಂದು ತೋಟೆಯನ್ನು ತಲೆಕೆಳಗಾಗಿ ಹಿಡಿದು ಕಿಟಕಿಯ ಬೆಳಕಿಗೆ ನಿಂತಿದ್ದಳು.

"ಈ ಡಬ್ಬಿ ಮುಟ್ಟಿದ್ಯಾ?"

"ನಾನ್ಯಾಕೆ ಮುಟ್ಲಿ ಅದನ್ನ?" ರೂಲನ್ ಮತ್ತೆ ಬಗ್ಗಿ, ಕಟ್ಟಿದ್ದ ದಾರವನ್ನು ಬಿಚ್ಚಿ ಕಟ್ಟತೊಡಗಿದ.

"ಸರಿ ಹಾಗಾದ್ರೆ."

ಅವಳು ಒಂದು ಹಿಡಿ ತೋಟೆಗಳನ್ನು ಜೇಬಿಗೆ ಹಾಕಿಕೊಂಡು, ಕೈಗವಸು ಏರಿಸಿ, ಬೇಟೆಗಾರರ ಕಿತ್ತಳೆ ಟೋಪಿ ಇಟ್ಟುಕೊಂಡಳು; ರೂಲನ್ ತನ್ನದನ್ನು ಇಟ್ಟುಕೊಂಡ. ಟ್ವಿಲಾಳಿಂದ ಸಾಲ ತಂದ ಹೇಸರಗತ್ತೆಯನ್ನು ಬೆಟ್ಟದ ಬುಡದ ತೊರೆಯ ಬಳಿ ಕಟ್ಟಿ, ಇಬ್ಬರೂ ಆಸ್ಪೆನ್ ಮರಗಳ ಹಳದಿಯ ನಡುವೆ ಮೇಲೇರಿದರು. ರೂಲನ್‌ನ ಎದೆ ಏರಿಗೆ ಬಡಿದುಕೊಳ್ಳುತ್ತಿತ್ತೋ ಭಯಕ್ಕೋ ಹೇಳುವುದು ಕಷ್ಟ. ಗುಂಡು ಗುರಿ ತಪ್ಪಿದರೆ? ತಪ್ಪಿದರೆ ಡೆಲ್ಮರನ ಹೆಸರು ಕೆಡುವುದಲ್ಲವೇ ಎಂಬ ಆಸೆಯೂ ಒಂದು ಮೂಲೆಯಲ್ಲಿ ಕೂತು ತಲೆ ಅಲ್ಲಾಡಿಸಿತು. ಅದನ್ನು ಸುಮ್ಮನಾಗಿಸಲು ಅವನಿಗೆ ಒಂದು ಇಡೀ ಏರು ಬೇಕಾಯಿತು.

ಎಲ್ಕ್ ಒಂದು ಹುಲ್ಲುಬಯಲಿನ ಅಂಚಿಗೆ ಬಂದು, ಉಸಿರಿನ ಹಬೆ ಬಿಡುತ್ತ ಪಕ್ಕಕ್ಕೆ ತಿರುಗಿತು. ನೆಡ್ರಾ ಬಿದ್ದ ಮರದ ಮೇಲೆ ರೈಫಲ್ ಊರಿದಳು, ಆ ನುಣುಪಾದ ಮರಕ್ಕೆ ಕೆನ್ನೆ ಒರಗಿಸಿದಳು. ರೂಲನ್ ಎಲ್ಕ್‌ನತ್ತ ನೋಡಲಿಲ್ಲ. ಅವಳ ಕೆನ್ನೆಯನ್ನೇ ನೋಡಿದ.

ಸದ್ದು ಬೆಟ್ಟದ ಮೇಲೆ ಉರುಳಿ ಹೋಯಿತು. ಎಲ್ಕ್ ನಾಲ್ಕು ಹೆಜ್ಜೆ ನಡೆದು, ಏನನ್ನೋ ಮರೆ‌ತಂತೆ ನಿಂತು, ಮುಂಗಾಲು ಮಡಚಿತು.

ನೆಡ್ರಾ ಬೋಲ್ಟಿನ ಕಡೆ ಕೈ ಒಯ್ದಳು. ಏಟು ಕೊಡಲಿಲ್ಲ. ತೋರುಬೆರಳೊಂದನ್ನು ಹಿಡಿಯ ಕೆಳಗಿಟ್ಟು ಎತ್ತಿದಳು. ಅದು ಎದ್ದು ಬಂತು.

"ನೋಡ್ದ್ಯಾ?" ಅವಳು ಗಂಡನ ಕಡೆ ತಿರುಗಿದಳು, ಹುಬ್ಬು ಟೋಪಿಯೊಳಗೆ ಹೋಗುವಷ್ಟು ಮೇಲೇರಿತ್ತು. "ಬೆಣ್ಣೆ. ಬೆಣ್ಣೆ ಹಾಗೆ ಬಂತು. ಬಿಸಿಯಂತೆ, ಮುಖ ಸುಡತ್ತಂತೆ! ಈಗೇನಂತೀಯ ಡೆಲ್ಮರ್ ತೋಟೆಗೆ?"

ರೂಲನ್‌ನ ಬಾಯಿ ತೆರೆಯಿತು. ಇಡೀ ಮಾತು ನಾಲಿಗೆಯ ಮೇಲೆ ಬಂದು ಕೂತಿತ್ತು, ಕಾಳು ಕಾಳು ತೂಗಿದ್ದು, ಹಿತ್ತಾಳೆ, ಬಣ್ಣ, ಎಲ್ಲ. ಕಿವಿ ಕೆಂಪಾಯಿತು.

"ಒಳ್ಳೆ ತೋಟೆ," ಎಂದ.

"ಅಷ್ಟೇನಾ?"

"ಬಹಳ ಒಳ್ಳೆ ತೋಟೆ." ನುಂಗಿದ. "ಅವನು... ಚೆನ್ನಾಗಿ ಮಾಡಿದಾನೆ."

ನೆಡ್ರಾ ಅವನನ್ನು ನೋಡುತ್ತಲೇ ಇದ್ದಳು. "ಹೋಗು, ಕತ್ತೆ ಕರ್ಕೊಂಡ್ ಬಾ," ಎಂದಳು ಕೊನೆಗೆ. ದನಿ ಮೆತ್ತಗಿತ್ತು. "ಬಿಸಿಲೇರೋ ಮುಂಚೆ ಮಾಂಸ ಇಳಿಸ್ಬೇಕು."

ಅವನು ಇಳಿಜಾರಿನಲ್ಲಿ ಜಾರುತ್ತ, ತನಗೆ ತಾನೇ ಏನೋ ಗೊಣಗುತ್ತ, ಮರಗಳ ನಡುವೆ ಮರೆಯಾದ. ನೆಡ್ರಾ ಎಲ್ಕ್‌ನ ಬಳಿ ಹೋಗಿ ಸ್ವಲ್ಪ ಹೊತ್ತು ಅದರ ಕುತ್ತಿಗೆಯ ಮೇಲೆ ಕೈಯಿಟ್ಟು ನಿಂತಳು. ಆಮೇಲೆ ಬಂಡೆಯೊಂದರ ಮೇಲೆ ಕೂತು, ಕೈಗವಸು ಕಳಚಿ, ಖಾಲಿ ಕೊಳವೆಯನ್ನು ಅಂಗೈಯಲ್ಲಿ ನಿಲ್ಲಿಸಿಕೊಂಡಳು. ಕೇಪಿನ ಅಂಚು ದುಂಡಗಿತ್ತು. ಅದರ ಸುತ್ತಲಿನ ಉಂಗುರ ಒಂದು ಕಡೆ ದಪ್ಪ, ಒಂದು ಕಡೆ ತೆಳು, ಒಂದು ಕಡೆ ಆಚೆಗೆ ಹರಡಿತ್ತು. ಹೆಬ್ಬೆರಳನ್ನು ಅದರ ಪಕ್ಕಕ್ಕೆ ತಂದಳು. ಉಗುರು ಯಾವುದು, ಉಂಗುರ ಯಾವುದು, ಬಣ್ಣದಲ್ಲಿ ಬೇರೆ ಮಾಡಲು ಆಗುತ್ತಿರಲಿಲ್ಲ.

ಕೊಳವೆಯ ಬಾಯಿಯನ್ನು ಕೆಳತುಟಿಗೆ ಒತ್ತಿ ಊದಿದಳು. ಸಣ್ಣಗೆ, ಉದ್ದಕ್ಕೆ, ಒಂದು ಸಿಳ್ಳೆ ಬಯಲು ದಾಟಿ ಕೆಳಗಿಳಿಯಿತು. ದೂರದಲ್ಲಿ ಹಳದಿ ಮರಗಳ ನಡುವೆ ಕಿತ್ತಳೆ ಟೋಪಿಯೊಂದು ಸರ್ರನೆ ತಿರುಗಿತು.

"ಬಂದೇ, ಬಂದೇ!" ಎಂದು ಅಲ್ಲಿಂದ ಕೂಗು ಬಂತು. "ಕತ್ತೆ ಬರ್ತಿಲ್ಲ ಕಣೇ!"

ನೆಡ್ರಾ ಇನ್ನೊಮ್ಮೆ ಊದಿದಳು.